ಅಪ್ಪನ ಹಗಲು ನಿದ್ದೆ

ನಮ್ಮ ಮನೆಯಲ್ಲಿ ನಿಶ್ಶಬ್ದ ತಾನಾಗಿ ಇರುತ್ತಿರಲಿಲ್ಲ, ಅದನ್ನು ನಾವು ದುಡಿದು ಮಾಡಬೇಕಿತ್ತು. ಅಪ್ಪನಿಗೆ ರಾತ್ರಿ ಪಾಳಿ ಬಿದ್ದ ವಾರ ಬೆಳಗಾಗುತ್ತಲೇ ಆ ದುಡಿಮೆ ಶುರುವಾಗುತ್ತಿತ್ತು. ಕುರೆಕುಪ್ಪದ ಆ ಮನೆಗೆ ಇದ್ದದ್ದು ಎರಡು ಕೋಣೆ, ಮೇಲೆ ತಗಡು. ಮುಂದಿನ ಕೋಣೆಯಲ್ಲಿ ಒಲೆ, ಪಾತ್ರೆ, ಅಜ್ಜಿಯ ಹಾಸಿಗೆ, ಒಂದು ಗೋಡೆಗೆ ಶಿಲುಬೆ, ಎದುರು ಗೋಡೆಗೆ ಅಜ್ಜಿಯ ಹುಲಿಗೆಮ್ಮನ ಪಟ. ಹಿಂದಿನ ಕೋಣೆಯಲ್ಲಿ ಅಪ್ಪ ಮಲಗುತ್ತಿದ್ದ. ನಡುವೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಸೀರೆಯೊಂದು ಪರದೆಯಾಗಿ ತೂಗುತ್ತಿತ್ತು. ಅಪ್ಪ ಬರುವ ಮುಂಚೆಯೇ ರೊಟ್ಟಿ ಬಡಿದು ಮುಗಿಸಬೇಕು, ಒಗ್ಗರಣೆ ಹಾಕಿ ಮುಗಿಸಬೇಕು. ಅವನು ಮಲಗಿದ ಮೇಲೆ ಕೊಡ ಇಡುವುದು ಗೋಣಿಚೀಲದ ಮೇಲೆ. ಅಜ್ಜಿ ಎಲೆಅಡಿಕೆ ಕುಟ್ಟುವುದು ಹೊರಗೆ, ಬೇವಿನ ಮರದ ಬುಡದಲ್ಲಿ. ನನ್ನನ್ನು ಹೊಸ್ತಿಲ ಮೇಲೆ ಕೂರಿಸುತ್ತಿದ್ದರು. ಕೋಳಿ ಬಂದರೆ ಅಟ್ಟುವುದು, ಉಪ್ಪು ಮಾರುವವನು ಬಂದರೆ ತುಟಿಗೆ ಬೆರಳಿಟ್ಟು ತೋರಿಸುವುದು, ಪಕ್ಕದ ಮನೆಯವರು ಟಿವಿ ಜೋರು ಮಾಡಿದರೆ ಹೋಗಿ ಹೇಳಿ ಬರುವುದು ನನ್ನ ಕೆಲಸ. ಅದಿರು ಲಾರಿಗಳಿಗೆ ಮಾತ್ರ ಯಾರೂ ಏನೂ ಹೇಳುವಂತಿರಲಿಲ್ಲ. ಆದರೆ ಅಪ್ಪನಿಗೆ ಲಾರಿಯ ಸದ್ದು ಒಗ್ಗಿಹೋಗಿತ್ತು. ಮನುಷ್ಯರ ದನಿ ಕೇಳಿದರೆ ಮಾತ್ರ ಎಚ್ಚರವಾಗುತ್ತಿದ್ದ.

ಅಪ್ಪ ಒಂದು ಸಣ್ಣ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ. ಛಾವಣಿಗೆ ಹತ್ತಿರ, ಗಾಜಿನ ಗೂಡಿನಂಥದ್ದರಲ್ಲಿ ಕುಳಿತು, ಕೆಳಗೆ ಓಡಾಡುವ ಜನರ ತಲೆಯ ಮೇಲೆ ಉಕ್ಕಿನ ಹಲಗೆಗಳನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸುವ ಕೆಲಸ. ನಾನು ಅದನ್ನು ಒಮ್ಮೆಯೂ ಕಣ್ಣಾರೆ ಕಂಡವಳಲ್ಲ. ನನ್ನ ಮನಸ್ಸಿನಲ್ಲಿರುವ ಆ ಗೂಡು ಅಪ್ಪನ ಮಾತಿನಿಂದ ಕಟ್ಟಿಕೊಂಡದ್ದು. ಊಟಕ್ಕೆ ಕುಳಿತಾಗ ಅವನು ತಟ್ಟೆಯ ಮೇಲೆ ಕೈ ತೂಗಾಡಿಸಿ ತೋರಿಸುತ್ತಿದ್ದ.

"ಮ್ಯಾಲ ಕುಂತಾಂವ ಒಂದ್ ಕಣ್ಣ ಮುಚ್ಚಿದ್ರ ಸಾಕವಾ, ಕೆಳಗ ಒಬ್ಬನ ಮನೀನ ಮುಚ್ಚತೈತಿ. ಅದಕ್ಕ ನನಗ ಊಟ ಕಮ್ಮಿ ಆದ್ರೂ ನಡೀತೈತಿ, ನಿದ್ದಿ ಕಮ್ಮಿ ಆದ್ರ ನಡೆಂಗಿಲ್ಲ."

ಅವನ ನಿದ್ದೆಗೆ ನಮ್ಮ ಮನೆಯಲ್ಲಿದ್ದ ದೊಡ್ಡ ಅಪಾಯವೆಂದರೆ ಅವ್ವನ ಪ್ರಾರ್ಥನೆ. ಅವ್ವ, ಅಂದರೆ ಕರುಣಮ್ಮ, ಗಟ್ಟಿಯಾಗಿ ಪ್ರಾರ್ಥಿಸುವವಳು. ಅವಳ ಮಟ್ಟಿಗೆ ಬಾಯಿಬಿಟ್ಟು ಹೇಳದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ. ಇದನ್ನು ಅವಳ ಮೊಂಡುತನ ಎಂದು ನಾನು ಬಹಳ ಕಾಲ ಎಣಿಸಿದ್ದೆ. ಕಾಲೇಜಿನಲ್ಲಿ ನಾಲ್ಕು ಪುಸ್ತಕ ಓದಿಕೊಂಡ ಮೇಲೆ ಅದಕ್ಕೆ ಬೇರೆ ಬೇರೆ ದೊಡ್ಡ ಹೆಸರುಗಳನ್ನೂ ಇಟ್ಟೆ. ಈಗ ನನಗೆ ಅದು ಸರಳವಾಗಿ ಕಾಣುತ್ತದೆ. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಚ್ಚುತ್ತ ಬೆಳೆದ ಅವ್ವನನ್ನು ತವರಿನಲ್ಲಾಗಲಿ, ಗಂಡನ ಮನೆಯಲ್ಲಾಗಲಿ ಯಾರೂ 'ನೀನು ಏನಂತೀ' ಎಂದು ಕೇಳಿರಲಿಲ್ಲ. ಮದುವೆಯಾದ ಮೇಲೆ ನೆರೆಯವಳೊಬ್ಬಳ ಜೊತೆ ಮೊದಲ ಸಲ ಕ್ರೈಸ್ತರ ಸಭೆಗೆ ಹೋದಾಗ, ಅಲ್ಲಿದ್ದ ಹೆಂಗಸರು "ಕರುಣಮ್ಮ, ಈಗ ನೀವು ಪ್ರಾರ್ಥನೆ ಮಾಡ್ರಿ" ಎಂದರಂತೆ. ಅಷ್ಟು ಹೇಳಿ ಎಲ್ಲರೂ ಸುಮ್ಮನೆ ತಲೆಬಗ್ಗಿಸಿ ಕುಳಿತರಂತೆ. ತನ್ನ ಮಾತಿಗಾಗಿ ಒಂದು ಕೋಣೆಯ ತುಂಬ ಜನ ಕಾಯುವುದನ್ನು ಅವಳು ಕಂಡದ್ದು ಅದೇ ಮೊದಲು. ಅವಳು ಸಭೆಗೆ ಸೇರಿದ ವರ್ಷವೇ ಅಪ್ಪನೂ ಅವಳ ಹಿಂದೆ ಹೋಗಿ ದೀಕ್ಷಾಸ್ನಾನ ಪಡೆದ. ಅಜ್ಜಿ ಹೋಗಲಿಲ್ಲ. ಅವಳದು ಬೇರೆಯೇ ತಕರಾರು.

"ಯಾಕಷ್ಟು ಒದರ್ತೀಯವಾ? ನಿಮ್ಮ ದೇವ್ರಿಗೆ ಕಿವಿ ಮಂದ ಏನು? ನಮ್ಮ ಹುಲಿಗೆಮ್ಮಗ ಮನಸಿನಾಗ ಅಂದ್ಕೊಂಡ್ರ ಸಾಕು, ಬಂದು ನಿಂದರ್ತಾಳ."

"ಅದಕ್ಕ ಅತ್ತಿ, ಮಂಗಳಾರ ಬಂದ್ರ ಡೊಳ್ಳು ಬಡಸ್ತೀರಿ," ಎಂದು ಅವ್ವನೂ ಬಿಡುತ್ತಿರಲಿಲ್ಲ.

ಅಪ್ಪ ಇಬ್ಬರ ನಡುವೆ ಬಾಯಿ ಹಾಕುತ್ತಿರಲಿಲ್ಲ. ಅವನ ಪ್ರಾರ್ಥನೆ ಊಟಕ್ಕೆ ಮುಂಚಿನ ಎರಡು ಮಾತಿನಲ್ಲಿ ಮುಗಿಯುತ್ತಿತ್ತು.

ನಮ್ಮ ಸಭೆಯಲ್ಲಿ ಇನ್ನೊಂದು ರೂಢಿ ಇತ್ತು. ಪ್ರಾರ್ಥನೆಯ ನಡುವೆ ನಿನ್ನ ಕಣ್ಣು ತೆರೆಸುವುದು ಯಾವುದೇ ಇರಲಿ, ಅದು ವೈರಿಯ, ಅಂದರೆ ಸೈತಾನನ, ಕೆಲಸ. ಮಗುವಿನ ಅಳು, ಬಾಗಿಲು ಬಡಿಯುವ ಸಾಲದವನು, ಹೋಟೆಲಿನ ಹಾಡು, ಎಲ್ಲವೂ ಲೋಕ ನಮ್ಮನ್ನು ಎಳೆಯುವ ಹಗ್ಗಗಳು. ಭಾನುವಾರ ಎಲ್ಲರ ಮುಂದೆ ನಿಂತು ತಮ್ಮ ಅನುಭವದ ಸಾಕ್ಷಿ ಹೇಳುವಾಗ ಹೆಂಗಸರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಬ್ಬಾಕೆ ಹಾಲು ಉಕ್ಕಿ ಒಲೆ ಆರಿದರೂ ಕಣ್ಣು ತೆರೆದಿರಲಿಲ್ಲ. ಇನ್ನೊಬ್ಬಾಕೆಯ ಕಾಲ ಮೇಲೆ ಚೇಳು ಹರಿದುಹೋಗಿತ್ತು. ಅವ್ವನಿಗೂ ಆ ಹೆಸರಿತ್ತು. ಅವಳು ಪ್ರಾರ್ಥನೆಗೆ ಕುಳಿತಾಗ ನಾನು ಸೆರಗು ಜಗ್ಗಿದರೆ, ಅವಳ ಕೈ ತಾನಾಗಿ ಬಂದು ನನ್ನ ಬೆರಳು ಬಿಡಿಸುತ್ತಿತ್ತು. ಮುಖ ಮಾತ್ರ ಅಲುಗುತ್ತಿರಲಿಲ್ಲ.

ಮುಂದಿನದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಪೂರ್ತಿ ನಂಬಿಕೆಯಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಎಷ್ಟೋ ವರ್ಷದ ನಂತರ, ಬಳ್ಳಾರಿಯಲ್ಲಿ ಎಂ.ಎ. ಓದುವಾಗ. ಆ ಶುಕ್ರವಾರದ ಬಗ್ಗೆ ಆ ದಿನವೇ ಬರೆದ ಒಂದು ಸಾಲೂ ನನ್ನಲ್ಲಿಲ್ಲ. ನನಗೆ ನೆನಪಿರುವ ಸುಡುಬಿಸಿಲು ನಿಜವಾಗಿ ಅಂದಿನದೋ, ಕುರೆಕುಪ್ಪದ ಎಲ್ಲ ಬೇಸಿಗೆಗಳನ್ನು ಸೇರಿಸಿ ನಾನೇ ಹಚ್ಚಿದ್ದೋ, ಹೇಳಲಾರೆ. ಆದರೆ ನಡೆದದ್ದರ ಬಗ್ಗೆ ಅವ್ವ ಮತ್ತು ನಾನು ಇಬ್ಬರೂ ಒಪ್ಪುತ್ತೇವೆ. ನಾವು ಒಪ್ಪದಿರುವುದು ಒಂದೇ ವಿಷಯಕ್ಕೆ, ಅದನ್ನು ಆಮೇಲೆ ಹೇಳುತ್ತೇನೆ.

ಶುಕ್ರವಾರದ ಉಪವಾಸ ಪ್ರಾರ್ಥನೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತಿತ್ತು. ಆ ವಾರ ನಮ್ಮ ಮನೆಯ ಸರದಿ. ಅಪ್ಪನಿಗೆ ಹಗಲು ಪಾಳಿ ಇರಬೇಕಿತ್ತು. ಆದರೆ ಅವನ ಜೊತೆಗಾರ ಊರಿಗೆ ಹೋದವನು ಬಾರದೆ, ಅಪ್ಪನೇ ರಾತ್ರಿ ಪಾಳಿ ಮುಂದುವರಿಸಬೇಕಾಯಿತು. ಗುರುವಾರವೇ ಅವ್ವನಿಗೆ ಇದು ಗೊತ್ತಿತ್ತು. ಹೇಳಿ ಕಳಿಸಿದ್ದರೆ ಪ್ರಾರ್ಥನೆ ಬೇರೆಯವರ ಮನೆಗೆ ಹೋಗುತ್ತಿತ್ತು. ಅವ್ವ ಹೇಳಿ ಕಳಿಸಲಿಲ್ಲ, ಯಾಕೆಂದರೆ ಅದರ ಹಿಂದಿನ ದಿನ ಅವಳಿಗೊಂದು ಕನಸು ಬಿದ್ದಿತ್ತು. ಕ್ರೇನಿನ ಹಗ್ಗ ಹರಿದು, ತೂಗುತ್ತಿದ್ದ ಹಲಗೆ ಕೆಳಗೆ ಬಂದಿತ್ತು. ಅದು ಯಾರ ಮೇಲೆ ಬಿತ್ತು ಎಂದು ಕಾಣುವ ಮೊದಲೇ ಎಚ್ಚರವಾಗಿತ್ತಂತೆ. ಈ ವಾರದ ಉಪವಾಸ ಅಪ್ಪನ ಸಂರಕ್ಷಣೆಗೇ ಎಂದು ಅವಳು ಆಗಲೇ ನಿರ್ಧರಿಸಿಬಿಟ್ಟಿದ್ದಳು.

ಶುಕ್ರವಾರ ಬೆಳಿಗ್ಗೆ ಅಪ್ಪ ಬಂದಾಗ ಅವನ ಕಣ್ಣು ಅದಿರಿನ ಬಣ್ಣಕ್ಕೆ ತಿರುಗಿತ್ತು. ಕೈಕಾಲು ತೊಳೆಯದೆ ಗೋಡೆಗೆ ಒರಗಿ ಕುಳಿತ.

"ಕರುಣಾ, ಇವತ್ತ ನನಗ ನಿದ್ದಿ ಬೇಕಾ ಬೇಕು. ರಾತ್ರಿ ಮ್ಯಾಲ ಕುಂತಾಗ ಕಣ್ಣ ಎಳದ್ವು. ಒಂದ್ ಗಳಿಗಿ ಕೈಯಾಗಿನ ಲಿವರ್ ಎಲ್ಲೈತಿ ಅನ್ನೋದ ತಿಳೀಲಿಲ್ಲ. ರಾತ್ರಿ ಮತ್ತ ಹೋಗಬೇಕು."

ಅವ್ವನ ಮುಖ ಬಿಳುಪೇರಿದ್ದು ನನಗೆ ನೆನಪಿದೆ. ಕನಸು ನಿಜವಾಗಲು ಹೊರಟಿತ್ತು. ಅವನಿಗೆ ನಿದ್ದೆ ಬೇಕು ಎಂಬುದು ಅವಳ ಕಿವಿಗೆ ಬಿತ್ತು. ಆದರೆ ಅದಕ್ಕಿಂತ ಗಟ್ಟಿಯಾಗಿ, ಪ್ರಾರ್ಥನೆ ತಡಮಾಡಬಾರದು ಎಂಬುದೇ ಕೇಳಿಸಿತು.

"ನೀವು ಮಲಕೋರಿ. ಅಕ್ಕನೋರು ಬರ್ತಾರ, ಮೆಲ್ಲಕ ಮಾಡ್ತೀವಿ. ನಿಮ್ಮ ಸಲುವಾಗೇ ಮಾಡೋದು."

ಅಪ್ಪ ಗೋಡೆ ಹಿಡಿದು ಎದ್ದ. ಪರದೆ ಸರಿಸಿ ಒಳಗೆ ಹೋದ.

ಹೆಂಗಸರು ಬಂದರು. ಅವರನ್ನು ನಡೆಸುತ್ತಿದ್ದವರು ಸುವಾರ್ತಮ್ಮ ಅಕ್ಕ. ಬಿಳಿ ಸೀರೆ, ಎತ್ತರದ ದನಿ, ನಮ್ಮಂಥ ಮಕ್ಕಳಿಗೆ ಚೀಲದಿಂದ ಪೆಪ್ಪರಮೆಂಟು ಕೊಡುವ ಕೈ. ಅವರು ಕೆಟ್ಟವರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವ್ವನಿಗೆ ಓದು ಕಲಿಸಿದವರೇ ಅವರು. ಮೊದಲ ಹಾಡನ್ನು ಎಲ್ಲರೂ ನಿಜಕ್ಕೂ ಮೆಲ್ಲಗೆ ಹಾಡಿದರು. ಎರಡನೆಯದಕ್ಕೆ ಚಪ್ಪಾಳೆ ಸೇರಿತು. ಅಪ್ಪನ ಹೆಸರು ಹಿಡಿದು ಪ್ರಾರ್ಥನೆ ಶುರುವಾದಾಗ ದನಿಗಳು ಒಂದರ ಮೇಲೊಂದು ಏರಿದವು. ತಗಡಿನ ಮನೆಯಲ್ಲಿ ದನಿ ಮೇಲೆ ಹೋಗಿ ದುಪ್ಪಟ್ಟಾಗಿ ಕೆಳಗೆ ಬರುತ್ತದೆ. "ಕರ್ತನೇ, ನಿನ್ನ ಮಗನ ಕಣ್ಣಿಗೆ ಕಾವಲಿರು" ಎಂದು ಅವ್ವ ಕೂಗುತ್ತಿದ್ದಳು. ಅವಳಿಂದ ನಾಲ್ಕು ಮೊಳ ಆಚೆ, ಪರದೆಯ ಹಿಂದೆ, ಆ ಕಣ್ಣುಗಳು ತೆರೆದೇ ಇದ್ದವು. ಅಜ್ಜಿ ಬೇವಿನ ಬುಡದಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಅಂದು ಅವಳು ಹಾಸ್ಯ ಮಾಡಲಿಲ್ಲ.

ಪರದೆ ಸರಿಯಿತು. ಬನಿಯನ್ನು, ಲುಂಗಿಯಲ್ಲಿದ್ದ ಅಪ್ಪ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣುಮುಚ್ಚಿ ಕುಳಿತ ಹೆಂಗಸರ ನಡುವೆ ಹೆಜ್ಜೆ ಎತ್ತೆತ್ತಿ ಇಡುತ್ತ ಹೊರಗೆ ಬಂದ. ಯಾರೂ ಅವನನ್ನು ನೋಡಲಿಲ್ಲ. ಪ್ರಾರ್ಥನೆಯ ನಡುವೆ ಕಣ್ಣು ತೆರೆಯುವಂತಿರಲಿಲ್ಲ. ನನ್ನನ್ನು ದಾಟುವಾಗ ತಲೆ ಸವರಿದ. ಬೇವಿನ ಬುಡ ಮನೆಗೆ ಅಂಟಿಕೊಂಡೇ ಇತ್ತು, ಅಲ್ಲಿಯೂ ಸದ್ದು ಕೇಳುತ್ತಿತ್ತು. ರಸ್ತೆ ದಾಟಿದ. ಆಚೆ ಊಟದ ಹೋಟೆಲಿನ ಮುಂದೆ ಒಂದು ಖಾಲಿ ಲಾರಿ ನಿಂತಿತ್ತು. ಆ ಬಟಾಬಯಲಿನಲ್ಲಿ ನೆರಳೆಂದರೆ ಅದರ ಹೊಟ್ಟೆಯ ಕೆಳಗಿನದು. ಕ್ಲೀನರುಗಳು ಹಾಗೆ ಮಲಗುವುದನ್ನು ನಾವು ದಿನಾ ನೋಡುತ್ತಿದ್ದೆವು. ಅಪ್ಪ ಬಗ್ಗಿ, ಹಿಂದಿನ ಗಾಲಿಗಳ ನಡುವೆ ಚಾಪೆ ಹಾಸಿ, ಮಗ್ಗುಲಾದ. ಹೊಸ್ತಿಲಿಂದ ನನಗೆ ಅವನ ಪಾದಗಳಷ್ಟೇ ಕಾಣುತ್ತಿದ್ದವು. ಅವು ಒಮ್ಮೆ ಅಲುಗಿ, ಆಮೇಲೆ ಸಡಿಲವಾದವು.

ಕ್ಲೀನರು ಮಲಗಿದರೆ ಅವನ ಡ್ರೈವರಿಗೆ ಅದು ಗೊತ್ತಿರುತ್ತದೆ. ಈ ಲಾರಿಗೆ ಕ್ಲೀನರೇ ಇದ್ದಂತಿರಲಿಲ್ಲ. ಅದರ ಡ್ರೈವರು ಹೋಟೆಲಿನೊಳಗಿದ್ದ, ಅವನು ಯಾರೆಂಬುದೂ ನಮಗೆ ಗೊತ್ತಿರಲಿಲ್ಲ. ಇದು ನನಗೆ ಆ ಕ್ಷಣವೇ ಹೊಳೆಯಿತೋ ಸ್ವಲ್ಪ ತಡವಾಗಿಯೋ, ಹೇಳಲಾರೆ. ಹೋಟೆಲಿನಿಂದ ಒಬ್ಬ ಹೊರಬಂದು, ತೊಟ್ಟಿಯ ನೀರಲ್ಲಿ ಕೈ ತೊಳೆದು, ಬೀಡಿ ಹಚ್ಚಿದಾಗ ನಾನು ಎದ್ದು ಒಳಗೆ ಓಡಿದೆ.

"ಅವ್ವಾ, ಅಪ್ಪ ಲಾರಿ ಕೆಳಗ ಮಲ್ಕೊಂಡಾನ!"

ಅವ್ವ ಮಂಡಿಯೂರಿ, ಎರಡೂ ಕೈ ಮೇಲೆತ್ತಿದ್ದಳು. ಕಣ್ಣಿಂದ ನೀರು ಹರಿಯುತ್ತಿತ್ತು. ನಾನು ಸೆರಗು ಜಗ್ಗಿದೆ. ಕೈ ಬಂದು ನನ್ನ ಬೆರಳು ಬಿಡಿಸಿತು. ಮತ್ತೆ ಜಗ್ಗಿದೆ, ಅಳುತ್ತಲೇ ಅದೇ ಮಾತು ಹೇಳಿದೆ. ಸುವಾರ್ತಮ್ಮ ಅಕ್ಕ ಕಣ್ಣು ಮುಚ್ಚಿಕೊಂಡೇ ದನಿ ಏರಿಸಿದರು.

"ಕರುಣಮ್ಮಾ, ಕಣ್ಣು ತೆರೀಬ್ಯಾಡ. ಉತ್ತರ ಬರೋ ಹೊತ್ತಿಗೇ ವೈರಿ ಜಗ್ಗತಾನ. ಮಕ್ಕಳ ಬಾಯಿಂದಾನೂ ಜಗ್ಗತಾನ."

ಅವ್ವನ ತುಟಿ ನಿಂತಿತು. ಆ ಒಂದು ಕ್ಷಣದ ಮುಖವನ್ನು ನಾನು ಮರೆತಿಲ್ಲ, ಅಥವಾ ಮರೆತಿಲ್ಲ ಎಂದುಕೊಂಡಿದ್ದೇನೆ. ಹುಬ್ಬುಗಳ ನಡುವೆ ಗಂಟು, ಮುಚ್ಚಿದ ರೆಪ್ಪೆಯ ಹಿಂದೆ ಗುಡ್ಡೆಗಳ ಓಡಾಟ. ಆಮೇಲೆ ಅವಳು ಕಣ್ಣು ತೆರೆದಳು. ನನ್ನನ್ನು ನೋಡಿದಳು, ಪರದೆಯ ಕಡೆ ನೋಡಿದಳು, ಎದ್ದು ಓಡಿದಳು.

ನಾವು ರಸ್ತೆ ದಾಟುವಾಗ ಡ್ರೈವರು ಬಾಗಿಲು ತೆರೆದು ಒಂದು ಕಾಲು ಮೇಲಿಟ್ಟಿದ್ದ. ಅವ್ವ ಕೂಗಿದರೆ ಅಪ್ಪ ಬೆಚ್ಚಿ ಏಳುತ್ತಿದ್ದ. ಎದ್ದರೆ ತಲೆ ಮೇಲಿನ ಕಬ್ಬಿಣಕ್ಕೆ ಬಡಿಯುತ್ತಿತ್ತು. ಕೂಗುವುದೇ ಬಲ್ಲ ಹೆಂಗಸು ಅಂದು ಕೂಗಲಿಲ್ಲ. ಹೋಗಿ ಡ್ರೈವರನ ಅಂಗಿಯ ತೋಳು ಹಿಡಿದಳು. ಪರಗಂಡಸಿನ ತೋಳು! ಅವನು ಗಾಬರಿಯಾಗಿ ಕೆಳಗಿಳಿದ. ಅವಳು ಗಾಲಿಗಳ ಕಡೆ ಬೆರಳು ಮಾಡಿದಳು. ಅವನು ಬಗ್ಗಿ ನೋಡಿದ, ಬೀಡಿ ಬಾಯಿಂದ ಬಿತ್ತು.

"ಯವ್ವಾ! ಈಗ ಚಾಲೂ ಮಾಡೋನಿದ್ದೆ. ಯಾರವ್ವಾ ಇಂವ, ಕುಡದಾನೇನು?"

"ಇಲ್ಲಣ್ಣಾ. ನಮ್ಮನಿಯೋರು. ನೈಟ್ ಮಾಡಿ ಬಂದಾರ."

"ಎಬ್ಬಸ್ರಿ ಮತ್ತ. ನಂದ್ ಟ್ರಿಪ್ ಹೋಗತೈತಿ. ಮರಿಯಮ್ಮನಹಳ್ಳಿ ಮುಟ್ಟೂದ್ರಾಗ ಮಾಲಕ ಹತ್ತ್ ಸಲ ಫೋನ್ ಮಾಡ್ತಾನ."

ಅವ್ವ ಬಗ್ಗಿ ಅಪ್ಪನನ್ನು ನೋಡಿದಳು. ಬಾಯಿ ತೆರೆದು, ಒಂದು ಕೈ ಎದೆಯ ಮೇಲಿಟ್ಟು, ಮಗುವಿನ ಹಾಗೆ ಮಲಗಿದ್ದ. ಎಬ್ಬಿಸಿ ಮನೆಗೆ ಕರೆದೊಯ್ದರೆ ಈ ನಿದ್ದೆ ಮತ್ತೆ ಬರುತ್ತದೆಯೇ? ಅವಳು ಅದನ್ನೇ ಯೋಚಿಸಿರಬೇಕು.

"ಸ್ವಲ್ಪ ತಡೀರಿ ಅಣ್ಣಾ. ಕೈ ಮುಗೀತೀನಿ. ಎಬ್ಬಿಸಿದ್ರ ಇವರು ಮತ್ತ ಮಲಗಂಗಿಲ್ಲ. ಮಲಗದ ಹೋದ್ರ ರಾತ್ರಿ ಕ್ರೇನಿನ್ಯಾಗ ಕುಂತು..."

ಡ್ರೈವರು ಒಮ್ಮೆ ಅವಳನ್ನು, ಒಮ್ಮೆ ರಸ್ತೆಯನ್ನು ನೋಡಿದ. ರಾತ್ರಿಯೆಲ್ಲ ಎಚ್ಚರವಿರುವ ಕೆಲಸದ ಬಗ್ಗೆ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡ.

"ಇನ್ನೊಂದ್ ಚಾ ಕುಡದು ಬರ್ತೀನಿ. ಚಾ ಮುಗಿಯೂತನಕ ಅಷ್ಟ. ನಾ ಚಾ ಭಾಳ ನಿಧಾನ ಕುಡೀತೀನಿ ಬಿಡ್ರಿ."

ಅವನ ಫೋನು ಹೊಡೆದುಕೊಳ್ಳತೊಡಗಿತು. ಅವನು ಅದನ್ನು ಅದುಮಿ ಹಿಡಿದು ಹೋಟೆಲಿನೊಳಗೆ ಓಡಿದ. ಅವ್ವ ಹಿಂದಿನ ಗಾಲಿಯ ಪಕ್ಕ, ಕೆಂಪು ಧೂಳಿನಲ್ಲಿ, ಬಿಸಿಲಿಗೆ ಕುಳಿತಳು. ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡು ತಲೆಗೆ ಸೆರಗು ಹೊದಿಸಿದಳು. ನಮ್ಮ ಮನೆಯ ಬಾಗಿಲಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಸುವಾರ್ತಮ್ಮ ಅಕ್ಕ ರಸ್ತೆ ದಾಟಿ ಬಂದರು. ಲಾರಿಯ ಕೆಳಗೆ ನೋಡಿದರು. ಅವರ ಮುಖವೂ ಕಪ್ಪಿಟ್ಟಿತು. ಆದರೂ ಪಿಸುದನಿಯಲ್ಲಿ ಹೇಳಿದರು,

"ದೇವರು ಕಾಪಾಡಿದ, ಸ್ತೋತ್ರ. ಬಾ ಕರುಣಮ್ಮಾ, ಪ್ರಾರ್ಥನೆ ಅರ್ಧಕ್ಕ ನಿಂತೈತಿ. ಅರ್ಧಕ್ಕ ಬಿಡಬಾರದು. ಮಗಳು ಇಲ್ಲಿ ಕುಂದರ್ಲಿ."

"ನೀವು ಮುಗಸ್ರಿ ಅಕ್ಕಾ. ನಂದು ಇಲ್ಲೇ ಐತಿ."

"ಇಲ್ಲಿ ಏನ್ ಮಾಡ್ತೀಯವಾ, ಈ ಗದ್ದಲದಾಗ?"

ಸುವಾರ್ತಮ್ಮ ಅಕ್ಕ ಹಿಂದಿರುಗಿದರು. ನಮ್ಮ ಮನೆಯೊಳಗಿಂದ ಮತ್ತೆ ಹಾಡು ಕೇಳಿಸಿತು, ಅವ್ವನ ದನಿಯಿಲ್ಲದ ಹಾಡು. ಅಜ್ಜಿ ಒಂದು ಚೆಂಬು ಮಜ್ಜಿಗೆ ತಂದು ಹೋಟೆಲಿನೊಳಗೆ ಡ್ರೈವರನಿಗೆ ಕೊಟ್ಟಳು. ಬರುವಾಗ ನಮ್ಮ ಪಕ್ಕ ಕುಳಿತು, ಮಗನ ಪಾದದ ಮೇಲಿನ ನೊಣ ಅಟ್ಟತೊಡಗಿದಳು. ಮುಂದೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಪ್ರತಿಯೊಂದೂ ಹೋದಾಗ ಧೂಳು ನಮ್ಮ ಮೇಲೆ ಇಳಿಯುತ್ತಿತ್ತು. ಹೋಟೆಲಿನ ರೇಡಿಯೋ ಹಾಡುತ್ತಿತ್ತು. ಆ ಎಲ್ಲದರ ನಡುವೆ ಅವ್ವ ಕಣ್ಣು ತೆರೆದುಕೊಂಡು, ತುಟಿ ಅಲುಗಿಸದೆ, ಲಾರಿಯ ಕೆಳಗಿನ ಕತ್ತಲನ್ನೇ ನೋಡುತ್ತ ಕುಳಿತಿದ್ದಳು. ಆಗಾಗ ಹೋಟೆಲಿನ ಬಾಗಿಲ ಕಡೆ ಒಂದು ನೋಟ, ಮತ್ತೆ ಕೆಳಗೆ. ನಾನು ಅವಳ ತೊಡೆಗೆ ಒರಗಿದ್ದೆ. ಅಷ್ಟು ಹತ್ತಿರ, ಅಷ್ಟು ಸ್ಥಿರವಾಗಿ ಅವಳಿದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಾವು ಒಪ್ಪದಿರುವುದು ಇದನ್ನೇ. ಅವ್ವ ಅಂದು ಮೌನವಾಗಿ ಪ್ರಾರ್ಥಿಸುತ್ತಿದ್ದಳು, ಅದೇ ನಾನು ಕಂಡ ಮೊದಲ ನಿಜವಾದ ಪ್ರಾರ್ಥನೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ದಿನಚರಿಯಲ್ಲಿ ಬರೆದಿದ್ದೆ, ಒಮ್ಮೆ ಸಭೆಯಲ್ಲೂ ಹೇಳಿದ್ದೆ. ಈಚೆಗೆ ಅವ್ವ ಹೊಸಪೇಟೆಗೆ ನನ್ನ ಮನೆಗೆ ಬಂದಾಗ, ಅಂದು ಲಾರಿಯ ಪಕ್ಕ ಕುಳಿತು ಏನೆಂದು ಪ್ರಾರ್ಥಿಸಿದೆ ಎಂದು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಯಾವ ಪ್ರಾರ್ಥನಿನೂ ಇಲ್ಲ ರೂತಾ. ಪ್ರಾರ್ಥನಿ ಎಲ್ಲಿ ನೆಪ್ಪಿರತೈತಿ ಆಗ? ಅಂವ ಉಸಿರಾಡೋದು ನೋಡ್ಕೋಂತ ಕುಂತಿದ್ದೆ ಅಷ್ಟ. ಅದನ್ನೂ ಹೋಗಿ ಸಾಕ್ಷಿ ಹೇಳಿಯೇನು?"

ನನಗೆ ಇಂದಿಗೂ ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಫೋನು ಮಿಣುಕುತ್ತದೆ, ನಾಳೆಯ ಪಾಠ ನೆನಪಾಗುತ್ತದೆ, ಯಾರೋ ಆಡಿದ ಮಾತು ಚುಚ್ಚುತ್ತದೆ. ಎಲ್ಲವನ್ನೂ ಹೊರಗಿಟ್ಟು ಬಾಗಿಲು ಹಾಕಿದರೆ ಒಳಗೆ ಶಾಂತಿ ಸಿಗುತ್ತದೆ ಎಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಬಾಗಿಲು ಹಾಕಿದ ಕೋಣೆಯಲ್ಲಿ ನನಗೆ ನನ್ನ ಗದ್ದಲವೇ ಜೋರಾಗಿ ಕೇಳಿಸಿದೆ. ನನ್ನ ಮನಸ್ಸು ನಿಂತ ಕೆಲವೇ ಗಳಿಗೆಗಳಲ್ಲಿ ಎದುರಿಗೆ ಯಾರೋ ಒಬ್ಬರಿದ್ದರು, ಅವರ ಮೇಲಿಂದ ಕಣ್ಣು ತೆಗೆಯುವಂತಿರಲಿಲ್ಲ. ಅದಕ್ಕೆ ಪ್ರಾರ್ಥನೆಯೆಂಬ ಹೆಸರು ಕೊಡಬೇಕೋ ಬೇಡವೋ, ಅವ್ವನ ಮಾತು ಕೇಳಿದ ಮೇಲೆ ನನಗೆ ತಿಳಿಯದಾಗಿದೆ.

ಡ್ರೈವರು ಎಷ್ಟು ಚಹಾ ಕುಡಿದನೋ ಗೊತ್ತಿಲ್ಲ. ನೆರಳು ಸರಿದು ಅಪ್ಪನ ಮುಖದ ಮೇಲೆ ಬಿಸಿಲು ಬಿದ್ದಾಗ ಅವನೇ ಎದ್ದ. ಹೆಂಡತಿ, ತಾಯಿ, ಮಗಳು ಸಾಲಾಗಿ ಧೂಳಲ್ಲಿ ಕುಳಿತಿರುವುದನ್ನು ಕಂಡು 'ನಾನು ಸತ್ತೇಹೋದೆ ಅಂದುಕೊಂಡೆ' ಎಂದು ಆಮೇಲೆ ನಗುತ್ತ ಹೇಳುತ್ತಿದ್ದ. ಅಂದು ರಾತ್ರಿ ಕೆಲಸಕ್ಕೆ ಹೋದ, ಬೆಳಿಗ್ಗೆ ಬಂದ. ಆ ಭಾನುವಾರ ಸಭೆಯಲ್ಲಿ ಪ್ರಾರ್ಥನೆ ಮಾಡಲು ಅವ್ವನ ಹೆಸರು ಕರೆಯಲಿಲ್ಲ. ಮುಂದಿನ ಭಾನುವಾರವೂ ಕರೆಯಲಿಲ್ಲ. ಪ್ರಾರ್ಥನೆಯ ನಡುವೆ ಎದ್ದು ಹೋದವಳು ಎಂಬ ಮಾತು ಉಳಿಯಿತು. ಬೇರೆಯವರು ಪ್ರಾರ್ಥಿಸುವಾಗ ಅವಳು ನನ್ನ ಪಕ್ಕ ತಲೆ ತಗ್ಗಿಸಿ ಕೂರುತ್ತಿದ್ದಳು. ಮನೆಯಲ್ಲೂ ದನಿ ಎತ್ತಲಿಲ್ಲ. ರಾತ್ರಿ ಪಾಳಿಯ ವಾರ ಮುಗಿದ ಮೇಲೂ ಎತ್ತಲಿಲ್ಲ. ಅಜ್ಜಿಗೂ ಅದು ಹಿಡಿಸಲಿಲ್ಲ. "ಏನವಾ, ನಿಮ್ಮ ದೇವರು ಊರಾಗಿಲ್ಲೇನು?" ಎಂದು ಕೆಣಕಿ ನೋಡಿದಳು. ಅವ್ವ ಕೆರಳಲಿಲ್ಲ.

ಮತ್ತೆ ರಾತ್ರಿ ಪಾಳಿ ಬಂತು. ಮೊದಲ ದಿನ ಬೆಳಿಗ್ಗೆ ಅಪ್ಪ ಬಂದು, ಊಟ ಮಾಡಿ, ಒಳಗೆ ಹೋಗಲು ಎದ್ದವನು ಪರದೆಯ ಹತ್ತಿರ ನಿಂತ.

"ಕರುಣಾ, ನಾ ಮಲಗೂಕಿಂತ ಮದ್ಲ ಒಂದ್ ಸಲ ಮಾಡಿಬಿಡು."

"ಏನು?"

"ಪ್ರಾರ್ಥನಿ. ಜೋರಾಗೇ ಮಾಡು. ನಾ ನಿಂತು ಕೇಳ್ತೀನಿ, ಆಮ್ಯಾಲ ಮಲಗ್ತೀನಿ."

"ಬ್ಯಾಡ ಬಿಡ್ರಿ, ನಿಮಗ ನಿದ್ದಿ ಬಂದೈತಿ."

"ಬಂದೈತಿ. ಅದಕ್ಕ ಜಲ್ದಿ ಮಾಡು."

ಅವನು ಕೈಕಟ್ಟಿ ತಲೆಬಗ್ಗಿಸಿ ನಿಂತ. ಮೈಯಲ್ಲಿ ಇನ್ನೂ ಗ್ರೀಸಿನ ವಾಸನೆ ಇತ್ತು. ಅವ್ವ ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡಳು. ಮೊದಲ ಮಾತು ಒಡೆದು ಬಂತು, ಎರಡನೆಯದಕ್ಕೆ ಹಳೆಯ ದನಿ ಸಿಕ್ಕಿತು, ತಗಡು ಝಲ್ಲೆಂದಿತು. ಗಂಡನ ಕಣ್ಣಿಗಾಗಿ ಬೇಡಿದಳು, ಕೈಗಾಗಿ ಬೇಡಿದಳು, ಕೆಳಗೆ ಓಡಾಡುವವರ ತಲೆಗಾಗಿ ಬೇಡಿದಳು. ಅತ್ತೆಗಾಗಿ, ಆ ಲಾರಿ ಡ್ರೈವರನಿಗಾಗಿ, ಸುವಾರ್ತಮ್ಮ ಅಕ್ಕನಿಗಾಗಿ. ಅವಳ ಪ್ರಾರ್ಥನೆಯಲ್ಲಿ ಇನ್ನೂ ಕುರೆಕುಪ್ಪ ಮುಗಿದಿರಲಿಲ್ಲ, ಅದರಾಚೆ ಸಂಡೂರು ಇತ್ತು, ಕಂಪ್ಲಿ ಇತ್ತು, ಲೋಕವೆಲ್ಲ ಇತ್ತು. ಅಷ್ಟರಲ್ಲಿ ಅವಳು ಕಣ್ಣು ತೆರೆದು ಅಪ್ಪನನ್ನು ನೋಡಿದಳು. ಅವನು ನಿಂತಲ್ಲೇ ತೂಗುತ್ತಿದ್ದ.

"ಆಮೆನ್," ಎಂದುಬಿಟ್ಟಳು.